ಹನ್ನೊಂದು ಬಿಳಿ ಏಣಿ

ಬಾಡಿಗೆಗೆ ಸಿಗುತ್ತಿದ್ದ ಒಂದೇ ಒಂದು ಪರದೆಯಲ್ಲಿ ಅರಮನೆ ಇತ್ತು, ಕಾರಂಜಿ ಇತ್ತು, ಕಾರಂಜಿಯ ಪಕ್ಕದಲ್ಲಿ ಎರಡು ಹಂಸಗಳೂ ಇದ್ದವು. ನಮಗೆ ಬೇಕಾಗಿದ್ದದ್ದು ಕಾಡು. ನೃತ್ಯದ ಮೇಡಂ ಅದನ್ನು ಬಿಡಿಸಿ ನೋಡಿದರು, ಮತ್ತೆ ಮಡಿಸಿದರು. "ಇದರ ಮುಂದೆ ನನ್ನ ಮಕ್ಕಳು ಮರ ಕಡಿಯೋ ಕಥೆ ಕುಣಿದ್ರೆ ಜನ ನಗ್ತಾರೆ ಸಾರ್. ನೀವೇ ಏನಾದ್ರೂ ಮಾಡಿ. ಆದ್ರೆ ಖರ್ಚಿಲ್ಲದ ಹಾಗೆ ಮಾಡಿ," ಎಂದರು.

ಮೇಡಂ ಮೂಡಿಗೆರೆಯಲ್ಲಿ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುತ್ತಿದ್ದರು. ನಾನು ಅಲ್ಲಿನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಇಪ್ಪತ್ತು ಹುಡುಗಿಯರು, ಮುಕ್ಕಾಲು ಗಂಟೆಯ ಕಾರ್ಯಕ್ರಮ. ಕಥೆ ಸರಳವಾದದ್ದು: ಕಾಡಿಗೆ ಕೊಡಲಿಯವರು ಬರುತ್ತಾರೆ, ಮರಗಳು ನಡೆದುಕೊಂಡು ಬೇರೆ ಬೆಟ್ಟಕ್ಕೆ ಹೊರಟುಹೋಗುತ್ತವೆ. ಆದ್ದರಿಂದ ಮರಗಳು ಹಗುರವಾಗಿರಬೇಕು, ಹುಡುಗಿಯರು ಎತ್ತಿ ಇಡುವಂತಿರಬೇಕು, ಹಿಂದಿನ ಸಾಲಿನವರಿಗೂ ಕಾಣಬೇಕು. ಕಾರ್ಯಕ್ರಮ ನಡೆಸುವ ಹಾಲ್‌ಗೆ ಬಾಡಿಗೆ ಕಟ್ಟಿದ ಮೇಲೆ ಮೇಡಂ ಬಳಿ ಉಳಿದದ್ದು ಎರಡು ಹ್ಯಾಲೊಜನ್ ದೀಪಕ್ಕೆ ಮಾತ್ರ ಸಾಕಾಗುತ್ತಿತ್ತು. ಇದು ತೊಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್ ತಿಂಗಳ ಮಾತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಾನು ಕಡೂರು ಕಡೆಯವನು, ತೆಂಗು ರಾಗಿ ನೋಡಿ ಬೆಳೆದವನು. ಮೂಡಿಗೆರೆಗೆ ಬಂದು ಆರು ವರ್ಷವಾಗಿದ್ದರೂ ಕಾಫಿಯ ಬಗ್ಗೆ ನನಗೆ ಗೊತ್ತಿದ್ದದ್ದು ಲೋಟದಲ್ಲಿ ಇರುವಷ್ಟೇ. ಗೊತ್ತಿಲ್ಲ ಎಂದು ಯಾರನ್ನಾದರೂ ಕೇಳುವ ಸ್ವಭಾವವೂ ನನ್ನದಲ್ಲ.

ಅಭ್ಯಾಸಕ್ಕೂ ಕೆಲಸಕ್ಕೂ ಜಾಗ ಸಿಕ್ಕಿದ್ದು ದೇವರಮನೆ ಬೆಟ್ಟದ ದಾರಿಯ ಒಂದು ಕಾಫಿ ಒಣಗಿಸುವ ಕಣದಲ್ಲಿ. ಅದರ ಯಜಮಾನಿ ಐವತ್ತು ದಾಟಿದ ಹೆಂಗಸು, ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. ಅವರಿಗಿದ್ದದ್ದು ಮೂರು ಎಕರೆ ಅರೇಬಿಕಾ. ಹಳೇ ತೋಟ ಕಿತ್ತು, ತಾವೇ ಪಾತಿ ಮಾಡಿ, ಬೀಜ ಹಾಕಿ, ಸಸಿ ಎಬ್ಬಿಸಿ, ಕೂಲಿಯವರ ಜೊತೆ ತಾವೂ ಗುಂಡಿ ತೆಗೆದು ನೆಟ್ಟ ಗಿಡಗಳು. ಐದು ವರ್ಷ ಸಾಕಿದ ಮೇಲೆ ಆಗಷ್ಟೇ ಕೈಗೆ ಬೆಳೆ ಬರತೊಡಗಿತ್ತು. ಅವರಿಗೆ ಬೇರೆ ಜಮೀನೂ ಇರಲಿಲ್ಲ, ಬೇರೆ ಕಸುಬೂ ಇರಲಿಲ್ಲ. ಕುಯ್ಲು ಮುಗಿದು ಕಣ ಖಾಲಿ ಬಿದ್ದಿತ್ತು. ತಂಗಿಗೆ ಆಪರೇಷನ್ ಎಂದು ಚಿಕ್ಕಮಗಳೂರಿಗೆ ಹೊರಟಿದ್ದವರು ಬೀಗದ ಕೈ ನನ್ನ ಕೈಗೆ ಕೊಟ್ಟು, "ಕುಣಿಸ್ಕಳಿ ಮೇಷ್ಟ್ರೆ. ಹೋಗುವಾಗ ಕಸ ಗುಡಿಸಿ ಹೋಗಿ, ಅಷ್ಟೇ," ಎಂದರು. ತೋಟದ ಕೆಲಸ ನೋಡಿಕೊಳ್ಳುತ್ತಿದ್ದ ಅವರ ಮೇಸ್ತ್ರಿಯೂ ಅಕ್ಕನ ಮಗಳ ಮದುವೆಗೆಂದು ಕಳಸದ ಕಡೆ ಹೋಗಿದ್ದರು.

ಎರಡನೇ ದಿನ ಬಸ್ಸಿನಲ್ಲಿ ಬರುವಾಗ ಒಂದು ದೊಡ್ಡ ಎಸ್ಟೇಟಿನ ಗೇಟಿನ ಬಳಿ ಕಿತ್ತು ಹಾಕಿದ ಕಾಫಿ ಗಿಡಗಳ ರಾಶಿ ಕಂಡಿತು. ನಾನು ಮುಂದಿನ ತಿರುವಿನಲ್ಲೇ ಇಳಿದು ಓಡಿಬಂದೆ. ಎಲೆ ಉದುರಿ, ರೆಂಬೆ ಸವರಿ, ಬುಡಸಮೇತ ಬಿದ್ದಿದ್ದ ಗಿಡಗಳು. ಒಂದನ್ನು ತಲೆಕೆಳಗು ಮಾಡಿ ನಿಲ್ಲಿಸಿ ನೋಡಿದೆ. ಬೇರು ಮೇಲೆ, ಕಾಂಡ ಕೆಳಗೆ. ಬೇರುಗಳು ಆಕಾಶಕ್ಕೆ ಕೈ ಚಾಚಿ ನಿಂತ ಬೋಳು ಮರದ ಹಾಗೇ ಕಂಡವು. ನನ್ನ ಕಾಡು ಸಿಕ್ಕಿಬಿಟ್ಟಿತು.

ಎಸ್ಟೇಟಿನ ರೈಟರ್ ನೆರಳಲ್ಲಿ ನಿಂತು ಹಾಜರಿ ಪುಸ್ತಕ ಬರೆಯುತ್ತಿದ್ದರು.

"ಇದನ್ನ ತಗೊಂಡು ಹೋಗಬಹುದಾ?" ಎಂದೆ.

"ಎಂತಕ್ಕೆ?"

"ಡಾನ್ಸ್‌ಗೆ. ಸ್ಟೇಜ್ ಮೇಲೆ ನಿಲ್ಲಿಸೋಕೆ."

ಅವರು ನನ್ನ ಮುಖ ನೋಡಿದರು. "ತಗಂಡ್ ಹೋಗಿ ಮಾರಾಯ್ರೆ, ಸುಡಕ್ಕೇ ಹಾಕಿದ್ದು. ನಿಮ್ಮದು ಮುಗಿದ ಕೂಡ್ಲೆ ಸುಟ್ಟುಬಿಡಿ ಮತ್ತೆ. ಇಟ್ಕಬೇಡಿ."

ಸುಟ್ಟುಬಿಡಿ ಎಂದದ್ದನ್ನು ನಾನು ಕಸ ಉಳಿಸಬೇಡಿ ಎನ್ನುವ ಮಾತು ಎಂದುಕೊಂಡೆ. ಡಾನ್ಸ್ ಎಂದರೆ ನಾಳೆಯೋ ನಾಡಿದ್ದೋ, ಪೇಟೆಯಲ್ಲಿ, ಎಂದು ಅವರು ಅಂದುಕೊಂಡಿರಬೇಕು. ಎರಡು ಜೀಪು ಗಿಡ ಅಮ್ಮನ ಕಣಕ್ಕೆ ಬಂದು ಬಿದ್ದಿತು. ಆವತ್ತಿಗೆ ಕಾರ್ಯಕ್ರಮಕ್ಕೆ ಮೂರು ವಾರ ಬಾಕಿ ಇತ್ತು.

ಅಮ್ಮನ ತೋಟ ಕಣದ ಅಂಚಿನಿಂದಲೇ ಶುರುವಾಗುತ್ತದೆ. ಸಾಲೊಂದಕ್ಕೆ ಅರವತ್ತು ಗಿಡ. ನನ್ನ ರಾಶಿಗೂ ಅವರ ಮೊದಲ ಸಾಲಿಗೂ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ.

ನಾನು ಕೆಲಸಕ್ಕೆ ಇಳಿದೆ. ಬೇರಿನ ಮಣ್ಣನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯುವುದು, ಎದೆಮಟ್ಟಕ್ಕೆ ಕಾಂಡ ಕತ್ತರಿಸುವುದು, ಖಾಲಿ ಎಣ್ಣೆ ಡಬ್ಬದಲ್ಲಿ ಮರಳು ಜಲ್ಲಿ ತುಂಬಿ ಅದರೊಳಗೆ ನೆಡುವುದು, ಡಬ್ಬಕ್ಕೆ ಗೋಣಿ ಸುತ್ತುವುದು. ಕೆಲವು ಕಾಂಡಗಳಲ್ಲಿ ದುಂಡಗೆ ತೂತುಗಳಿದ್ದವು. ಜೇಬಿನ ಪೆನ್ಸಿಲ್ ತೆಗೆದು ಮೊನೆ ತೂರಿಸಿ ನೋಡಿದೆ, ಸರಿಯಾಗಿ ಕೂತಿತು. ತಂತಿ ಕಟ್ಟಲು ನನಗೆ ಡ್ರಿಲ್ ಬೇಕಾಗಲಿಲ್ಲ, ದೇವರೇ ಕೊರೆದು ಕಳಿಸಿದ್ದಾನೆ ಎಂದು ಮೇಡಂಗೆ ಹೇಳಿ ನಕ್ಕೆ. ಬೆಳಕಿಗೆ ಎದ್ದು ಕಾಣಲಿ ಎಂದು ಮೂರು ಸಣ್ಣ ಚೀಲ ಸುಣ್ಣವನ್ನೂ ತಂದಿದ್ದೆ. ಒಂದು ಮರಕ್ಕೆ ಬಳಿದು ನೋಡಿದರೆ ಹುಡುಗಿಯರ ಲಂಗಕ್ಕೆಲ್ಲ ಹತ್ತಿತು. ಬೇಡ ಎಂದು ಬಿಟ್ಟೆವು.

ದಿನವೂ ಬೆಳಿಗ್ಗೆ ಡಬ್ಬಗಳ ಸುತ್ತ ಹಿಟ್ಟಿನಂಥ ಪುಡಿ ಬಿದ್ದಿರುತ್ತಿತ್ತು. ಗರಗಸದ ಪುಡಿ ಎಂದು ಗುಡಿಸಿ ಹಾಕುತ್ತಿದ್ದೆ. ಮೂರು ತೂತಿದ್ದ ಮರದಲ್ಲಿ ವಾರದ ಮೇಲೆ ಐದು ಕಂಡವು. ಎಣಿಸಿದ್ದು ತಪ್ಪಿರಬೇಕು ಎಂದುಕೊಂಡೆ. ಒಂದು ದಿನ ಒಬ್ಬ ಹುಡುಗಿಯ ಜಡೆಯ ಮೇಲೆ ಒಂದು ದುಂಬಿ ಕೂತಿತ್ತು. ಕಪ್ಪು ರೆಕ್ಕೆ, ಅದರ ಮೇಲೆ ಬಿಳಿ ಪಟ್ಟೆ, ಮುಂದಕ್ಕೆ ಚಾಚಿದ ಗಿಡ್ಡ ಮೀಸೆ. ಎಷ್ಟು ಚೆಂದ ಇತ್ತೆಂದರೆ ಕೂತು ಚಿತ್ರ ಬರೆದುಕೊಂಡೆ. ಅಷ್ಟಕ್ಕೂ ಬಿಡದೆ, ಮರಗಳಾಗಿ ಕುಣಿಯುವ ಹುಡುಗಿಯರ ಮೇಲುಹೊದಿಕೆಯ ಅಂಚಿಗೆ ಅದೇ ಪಟ್ಟೆಗಳನ್ನು ಬರೆದೆ. ಹುಡುಗಿಯರೆಲ್ಲ ಪೇಟೆಯ ಅಂಗಡಿ, ಬ್ಯಾಂಕು, ಆಫೀಸಿನವರ ಮಕ್ಕಳು. ಮೇಡಂ ಮೈಸೂರಿನವರು. ನಮ್ಮಲ್ಲಿ ಒಬ್ಬರಿಗಾದರೂ ಅದೇನೆಂದು ಗೊತ್ತಿರಲಿಲ್ಲ.

ಹದಿನೆಂಟನೆಯ ದಿನ, ಗುರುವಾರ, ಮೇಸ್ತ್ರಿ ಕಳಸದಿಂದ ಬಂದರು. ಭಾನುವಾರ ಕಾರ್ಯಕ್ರಮ. ಅಭ್ಯಾಸ ನಡೆಯುತ್ತಿತ್ತು. ಮೂವತ್ತು ಮರಗಳ ನಡುವೆ ಹುಡುಗಿಯರು ಸುತ್ತುತ್ತಿದ್ದರು. ಹೇಗಿದೆ ನಮ್ಮ ಕಾಡು ಎಂದು ಕೇಳಬೇಕೆಂದು ನಾನು ಹತ್ತಿರ ಹೋದೆ. ಮೇಸ್ತ್ರಿ ಚೀಲ ಕೆಳಗಿಟ್ಟು ಒಂದು ಮರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಾಂಡದ ಮೇಲಿಂದ ಏನನ್ನೋ ಹಿಡಿದರು, ಎರಡು ಉಗುರಿನ ನಡುವೆ ಚಿಟಕ್ಕೆಂದು ಒತ್ತಿ ಬಿಸಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ಬಂದು ಎಷ್ಟ್ ದಿನ ಆಯ್ತು?"

"ಹದಿನೆಂಟು."

"ಬಿಸಿಲಿತ್ತಾ?"

ವಿಚಿತ್ರ ಪ್ರಶ್ನೆ ಎನ್ನಿಸಿತು. "ಇತ್ತಲ್ಲ. ದಿನಾ ಸುಡು ಬಿಸಿಲು."

ಮೇಸ್ತ್ರಿ ಎದ್ದು ನಿಲ್ಲಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. "ಇದು ಬೋರರ್ ಗಿಡ ಮೇಷ್ಟ್ರೆ. ಕಾಂಡದ ಒಳಗೆ ಹುಳ ಇರ್ತದೆ. ಏಪ್ರಿಲ್ ಮೇನಲ್ಲಿ ಬಿಸಿಲಿಗೆ ದುಂಬಿಯಾಗಿ ಹೊರಗೆ ಬಂದು ಹಾರ್ತದೆ, ಒಳ್ಳೇ ಗಿಡದ ತೊಗಟೇಲಿ ಮೊಟ್ಟೆ ಇಡ್ತದೆ. ಅದಕ್ಕೇ ಹಾರಕ್ಕೆ ಮುಂಚೆ ಕಿತ್ತು ಸುಡದು. ಇಟ್ಕಳದಲ್ಲ."

ತೂತುಗಳು, ಪುಡಿ, ಮೂರಿದ್ದದ್ದು ಐದಾದದ್ದು, ಜಡೆಯ ಮೇಲಿನ ದುಂಬಿ, ಎಲ್ಲ ಒಂದೇ ಸಲ ಕಣ್ಣಮುಂದೆ ಬಂತು. ಒಣಗಿದ ಮರ ಎಂದು ನಾನು ಸಿಂಗರಿಸುತ್ತಿದ್ದದ್ದರ ಒಳಗೆ ಇಷ್ಟು ದಿನವೂ ಹುಳ ಬೆಳೆದು ಹೊರಬೀಳುತ್ತಿತ್ತು, ಹತ್ತು ಹೆಜ್ಜೆ ಆಚೆ ಅಮ್ಮನ ಗಿಡಗಳಿದ್ದವು. ಮೇಸ್ತ್ರಿಯ ಕಣ್ಣು ಅಷ್ಟರಲ್ಲಿ ಹುಡುಗಿಯರ ಮೇಲುಹೊದಿಕೆಯ ಕಡೆ ಹೋಗಿತ್ತು. "ಬಟ್ಟೆ ಮೇಲೂ ಅದನ್ನೇ ಬರ್ದಿದೀರ," ಎಂದರು. ಅವರು ಬೈದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಅವರೂ ಬೆಚ್ಚಿಬಿದ್ದಿದ್ದರು, ಆದರೆ ಅವರ ತಲೆ ಭಾನುವಾರದ ಕಡೆಗೇ ಓಡುತ್ತಿತ್ತು. "ಇನ್ನು ಮೂರೇ ದಿನ ಸಾರ್. ಈಗಲೇ ಎಲ್ಲ ಹಾಲಿಗೆ ಸಾಗಿಸಿಬಿಡೋಣ. ಅಲ್ಲಿ ತೋಟ ಇಲ್ಲವಲ್ಲ. ಸೋಮವಾರ ಸುಡೋಣ. ಅಮ್ಮನಿಗೆ ಆಮೇಲೆ ನಿಧಾನಕ್ಕೆ ಹೇಳಿದರಾಯ್ತು."

ಅದನ್ನು ಮೇಸ್ತ್ರಿ ಕೇಳಿಸಿಕೊಂಡರು. "ಹಾಲಿನ ಹಿಂದ್ಗಡೆ ಎಂತ ಅದೆ ಅಂತ ನೋಡಿದೀರಾ? ಅಲ್ಲೂ ಕಾಫಿನೇ. ದಾರಿ ಉದ್ದಕ್ಕೂ ಕಾಫಿನೇ. ಬಿಸಿಲಲ್ಲಿ ಜೀಪಲ್ಲಿ ಇದನ್ನ ಮೆರವಣಿಗೆ ಮಾಡ್ಬೇಡಿ ಮಾರಾಯ್ರೆ."

ಒಪ್ಪಿಕೊಳ್ಳುತ್ತೇನೆ, ಮೇಡಂ ಹೇಳಿದ್ದು ನನ್ನ ಮನಸ್ಸಿನಲ್ಲೂ ಇತ್ತು. ಮೂರು ವಾರದ ಕೆಲಸ. ಆದರೂ ರಸ್ತೆಯ ತುದಿಯ ಎಸ್‌ಟಿಡಿ ಬೂತಿಗೆ ನಡೆದೆ. ಆಸ್ಪತ್ರೆಗೆ ಫೋನ್ ಮಾಡಿ ಅಮ್ಮನನ್ನು ಕರೆಸಿದೆ. ಇದ್ದದ್ದು ಇದ್ದ ಹಾಗೆ ಹೇಳಿದೆ.

"ಸುಟ್ಟಿದೀರಾ?" ಎಂದರು.

"ಇನ್ನೂ ಇಲ್ಲ ಅಮ್ಮ. ನಿಮಗೆ ಮೊದಲು ಹೇಳೋಣ ಅಂತ..."

"ಮತ್ತೆ ಫೋನ್ ಹಿಡ್ಕಂಡು ಎಂತ ಮಾಡ್ತಿದೀರ?"

ಫೋನ್ ಇಟ್ಟು ಓಡಿದೆ. ಕಣದ ಮಧ್ಯಕ್ಕೆ ಮೂವತ್ತು ಮರಗಳನ್ನೂ ಉಳಿದ ರಾಶಿಯನ್ನೂ ಎಳೆದು ಹಾಕಿ, ಒಣ ಸೋಗೆ ಸುರಿದು ಬೆಂಕಿ ಕೊಟ್ಟೆವು. ನಾನು ಉಜ್ಜಿ ಉಜ್ಜಿ ಹೊಳಪು ತಂದಿದ್ದ ಬೇರುಗಳು ಮೊದಲು ಹತ್ತಿಕೊಂಡವು. ಹುಡುಗಿಯರು ಸಾಲಾಗಿ ನಿಂತು ನೋಡುತ್ತಿದ್ದರು. ಇಬ್ಬರು ಅಳುತ್ತಿದ್ದರು. ಒಂದು ಕಾಂಡ ಬಿಸಿಗೆ ಸೀಳಿದಾಗ ಒಳಗೆ ಬಿಳಿ ಹುಳ ಸುರುಟಿಕೊಂಡದ್ದನ್ನು ನಾನು ನೋಡಿದೆ. ಅಲ್ಲಿಯವರೆಗೂ ಎಲ್ಲೋ ಒಂದು ಮೂಲೆಯಲ್ಲಿ, ಮೇಸ್ತ್ರಿಗೆ ತಪ್ಪು ತಿಳಿದಿರಬಹುದು ಎಂಬ ಆಸೆ ನನಗಿತ್ತು.

"ಈಗ ಒಳ್ಳೇ ಗಿಡ ನೋಡ್ಬೇಕು," ಎಂದರು ಮೇಸ್ತ್ರಿ. ನಾರಿನಿಂದ ಕಾಂಡದ ಒರಟು ತೊಗಟೆಯನ್ನು ಉಜ್ಜಿ ತೆಗೆದರೆ ಮೊಟ್ಟೆ ಉದುರುತ್ತದೆ. ಮೇಲೆ ಸುಣ್ಣದ ತಿಳಿ ಬಳಿದರೆ ಆಗಲೇ ಹಾರಿಹೋದ ದುಂಬಿ ಅಲ್ಲಿ ಮತ್ತೆ ಮೊಟ್ಟೆ ಇಡುವುದಿಲ್ಲ. ದುಂಬಿ ತುಂಬಾ ದೂರ ಹಾರುವುದಿಲ್ಲವಂತೆ, ಕಣದ ಕಡೆಯ ಆರು ಸಾಲು ಮಾಡಿದರೆ ಸಾಕು ಎಂದರು. ಒಂದು ಸಣ್ಣ ಚೀಲ ಸುಣ್ಣ ಎರಡು ಸಾಲಿಗೆ ಬರುತ್ತದೆ. ನನ್ನ ಹತ್ತಿರ ಮೂರು ಚೀಲ ಇತ್ತು.

ಶುಕ್ರವಾರ ಇಡೀ ದಿನ ಹುಡುಗಿಯರು, ಅವರ ತಾಯಂದಿರು, ಮೇಡಂ, ನಾನು, ಎಲ್ಲರೂ ಬಗ್ಗಿ ಕಾಂಡ ಉಜ್ಜಿದೆವು. ಆರು ಸಾಲೂ ಉಜ್ಜಿ ಮುಗಿಯಿತು. ಹಿಂದಿನಿಂದ ಮೇಸ್ತ್ರಿ ಸುಣ್ಣ ಬಳಿಯುತ್ತ ಬಂದರು. ಸೊಂಟ ಬಿದ್ದುಹೋಗಿತ್ತು, ಆದರೆ ಮನಸ್ಸಿಗೆ ಸ್ವಲ್ಪ ನೆಮ್ಮದಿ ಬಂದಿತ್ತು. ನೀರು ಕುಡಿಯಲೆಂದು ಕಣದ ಬದಿಯ ಶೆಡ್ಡಿಗೆ ಹೋದೆ. ಅಲ್ಲಿ ಗೋಡೆಗೆ ಒರಗಿಸಿದ್ದ, ಮರಕ್ಕೆ ಹಬ್ಬಿದ ಕಾಳುಮೆಣಸು ಕುಯ್ಯುವ ಏಣಿಗಳು ಕಂಡವು. ಒಂಟಿ ಬಿದಿರಿನ ಗಳ, ಅದರ ಗಿಣ್ಣುಗಳಲ್ಲಿ ಕಾಲಿಡಲು ಗೂಟ. ಒಟ್ಟು ಹನ್ನೊಂದು. ಇವನ್ನು ಹಾಲಿನ ತೊಲೆಗೆ ಹಗ್ಗದಲ್ಲಿ ಕಟ್ಟಿ ಇಳಿಬಿಟ್ಟರೆ ಮರ. ಮರ ನಡೆದು ಹೋಗುವಾಗ ಹಗ್ಗ ಎಳೆದರೆ ಮೇಲೆದ್ದು ಹೋಗುತ್ತವೆ. ಹಿಂದೆ ಕಪ್ಪು ಬಟ್ಟೆ ಕಟ್ಟಿ, ಹ್ಯಾಲೊಜನ್ ಬೆಳಕಿನಲ್ಲಿ. ಆದರೆ ಬಿದಿರು ಹೊಗೆ ಹಿಡಿದು ಕರ್ರಗಿತ್ತು. ಕಪ್ಪಿನ ಮುಂದೆ ಕಪ್ಪು ಕಾಣುವುದಿಲ್ಲ.

ಮೂರನೇ ಚೀಲ ಸುಣ್ಣ ಶೆಡ್ಡಿನಲ್ಲೇ ಇತ್ತು. ಅದನ್ನು ಎತ್ತಿ, ಹೊರಗೆ ನಿಂತಿದ್ದ ಜೀಪಿನ ಸೀಟಿನ ಕೆಳಗೆ ಇಟ್ಟೆ. ಯಾರೂ ನೋಡಲಿಲ್ಲ.

ನಾಲ್ಕನೇ ಸಾಲಿನ ಕೊನೆಯಲ್ಲಿ ಮೇಸ್ತ್ರಿ ಖಾಲಿ ಬಕೆಟ್ ಹಿಡಿದು ನಿಂತಿದ್ದರು. "ಸುಣ್ಣ ಮುಗೀತಾ ಮೇಷ್ಟ್ರೆ?"

"ಮುಗೀತು," ಎಂದೆ. "ಸೋಮವಾರ ಪೇಟೆಯಿಂದ ತಂದುಕೊಡ್ತೀನಿ. ಶೆಡ್ಡಿನ ಏಣಿ ಎರಡು ದಿನ ಕೊಡ್ತೀರಾ, ಸ್ಟೇಜಿಗೆ?"

"ತನ್ನಿ. ಏಣಿ ಬೇಕಾದ್ರೆ ತಗಂಡ್ ಹೋಗಿ, ಪಾಪ, ನಿಮ್ದೆಲ್ಲ ಸುಟ್ಟು ಹೋಯ್ತು," ಎಂದರು.

ಸುಣ್ಣ ಬಟ್ಟೆಗೆ ಹತ್ತದಿರಲಿ ಎಂದು ಮೇಡಂ ಅನ್ನದ ಗಂಜಿ ಬೆರೆಸಲು ಹೇಳಿಕೊಟ್ಟರು. ಶನಿವಾರ ಹಾಲಿನ ಹಿತ್ತಲಿನಲ್ಲಿ ಹನ್ನೊಂದು ಏಣಿಗೂ ಎರಡೆರಡು ಸಲ ಬಳಿದೆ. ಮೇಲುಹೊದಿಕೆಗಳನ್ನು ಪಟ್ಟೆ ಕಾಣದಂತೆ ಒಳಮಗ್ಗುಲು ತಿರುಗಿಸಿ ಹೊಲಿದೆವು. ಭಾನುವಾರ ಪರದೆ ಸರಿದಾಗ ಹಿಂದಿನ ಸಾಲಿನವರೂ ಕತ್ತು ಎತ್ತಿ ನೋಡಿದರು. ಕೊಡಲಿಯವರು ಬಂದಾಗ ಏಣಿಗಳು ಒಂದೊಂದಾಗಿ ಮೇಲೆದ್ದು ಕತ್ತಲೆಗೆ ಹೋದವು. ಕೆಳಗೆ ಹುಡುಗಿಯರು ಬಗ್ಗಿ ನೆಲವನ್ನು ಉಜ್ಜುತ್ತಿದ್ದರು. ಅದನ್ನು ಮೇಡಂ ಶುಕ್ರವಾರ ತೋಟದಲ್ಲಿ ನೋಡಿ ಸೇರಿಸಿದ್ದರು. ನೋಡಲು ಬಂದಿದ್ದ ಪ್ಲಾಂಟರುಗಳು ಎದ್ದು ನಿಂತು ಚಪ್ಪಾಳೆ ಹೊಡೆದರು. ಇಷ್ಟು ಕಡಿಮೆ ಖರ್ಚಿನಲ್ಲಿ ಇಂಥದ್ದು ಹೇಗೆ ಮಾಡಿದಿರಿ ಎಂದು ಎಷ್ಟು ಜನ ಕೇಳಿದರೋ. ನಾನು ಬೀಗಿ ಹೋಗಿದ್ದೆ.

ಸೋಮವಾರ ಮಳೆ ಬಂತು. ಮಂಗಳವಾರವೂ ಬಂತು. ಮಳೆಗೆ ದುಂಬಿ ಹಾರುವುದಿಲ್ಲ ಎಂದು ಯಾರೋ ಹೇಳಿದ್ದು ನನಗೆ ಸಾಕಾಯಿತು. ಏಣಿಗಳನ್ನು ಜೀಪಿನವನ ಕೈಲಿ ಕಳಿಸಿದೆ, ನಾನು ಹೋಗಲಿಲ್ಲ. ಸುಣ್ಣವನ್ನು ತರಲೇ ಇಲ್ಲ.

ಮರುವರ್ಷ ಮಾರ್ಚಿನಲ್ಲಿ ಅಮ್ಮ ಹೇಳಿಕಳಿಸಿದರು, ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಬನ್ನಿ ಎಂದು. ಕಣದ ಬದಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದವರು ನನ್ನನ್ನು ಕಂಡು ಎದ್ದರು. ತೋಟದೊಳಗೆ ನಡೆಯುತ್ತ, "ನಾಲ್ಕು ಸಾಲು ಉಳೀತು ಮೇಷ್ಟ್ರೆ. ಅವತ್ತು ನೀವು ಫೋನ್ ಮಾಡಿದ್ದಕ್ಕೆ ಉಳೀತು. ಮುಚ್ಚಿಟ್ಟಿದ್ರೆ ಅರ್ಧ ತೋಟ ಹೋಗ್ತಿತ್ತು," ಎಂದರು. ನನಗೆ ಹಾಯೆನಿಸಿತು. ಒಂದು, ಎರಡು, ಮೂರು, ನಾಲ್ಕು ಸಾಲು ದಾಟಿದೆವು. ಕಾಂಡದ ಮೇಲೆ ಹಳೇ ಸುಣ್ಣದ ಕಲೆ ಇನ್ನೂ ಇತ್ತು, ಗಿಡಗಳು ಹಸಿರಾಗಿದ್ದವು.

ಐದನೇ ಸಾಲಿನಲ್ಲಿ ಕೆಂಪು ಬಟ್ಟೆಯ ಚೂರುಗಳು ಶುರುವಾದವು. ಹುಳ ಹಿಡಿದ ಗಿಡ ಎಂದು ಗುರುತಿಗೆ ಕಟ್ಟುವುದು ಅದು. ಐದನೇ ಸಾಲಿನ ಉದ್ದಕ್ಕೂ, ಆರನೇ ಸಾಲಿನ ಉದ್ದಕ್ಕೂ. ಎಲೆ ಹಳದಿಯಾಗಿ ಜೋತುಬಿದ್ದಿತ್ತು. ಕಾಂಡದ ಮೇಲೆ ತೊಗಟೆಯಡಿ ಹುಳ ಹೋದ ದಾರಿ ನರದ ಹಾಗೆ ಉಬ್ಬಿತ್ತು. ನೂರಿಪ್ಪತ್ತು ಗಿಡದಲ್ಲಿ ಎಪ್ಪತ್ತಕ್ಕೂ ಹೆಚ್ಚಿಗೆ ಬಟ್ಟೆ ಕಟ್ಟಿತ್ತು. ಏಳನೇ ಸಾಲಿನಲ್ಲಿ ಒಂದೂ ಇರಲಿಲ್ಲ. ಯಾರೋ ಗೆರೆ ಎಳೆದು ತೋರಿಸಿದ ಹಾಗಿತ್ತು. ಅಲ್ಲಿಂದ ಹೊರಟುಬಿಡಬೇಕು ಎನ್ನಿಸಿತು.

"ಅಮ್ಮ," ಎಂದೆ. "ಸುಣ್ಣ ಮುಗಿದಿರಲಿಲ್ಲ. ಇನ್ನೊಂದು ಚೀಲ ಇತ್ತು. ಮೇಸ್ತ್ರಿಗೆ ಸುಳ್ಳು ಹೇಳಿದೆ. ಅದನ್ನ ಏಣಿಗೆ ಬಳಿದೆ."

ಅಮ್ಮ ಎಲೆ ಅಡಿಕೆ ಉಗಿದು ಬಾಯಿ ಒರೆಸಿಕೊಂಡರು.

"ಗೊತ್ತು," ಎಂದರು. "ಜನವರೀಲಿ ಮೆಣಸು ಕುಯ್ಯಕ್ಕೆ ಏಣಿ ತೆಗೆದೆ. ಕೈಯೆಲ್ಲ ಬೆಳ್ಳಗಾಯ್ತು. ಬಣ್ಣ ಅನ್ಕಂಡೆ. ನಾಲಿಗೆಗೆ ಇಟ್ಟು ನೋಡಿದೆ, ಸುಣ್ಣ. ಹನ್ನೊಂದು ಏಣಿ. ಇಷ್ಟು ಸುಣ್ಣ ಎರಡು ಸಾಲಿಗೆ ಬರ್ತಿತ್ತಲ್ಲ ಅಂತ ಅವತ್ತೇ ಅನ್ನಿಸ್ತು."

ನನ್ನ ಕಣ್ಣು ಕೆಂಪು ಬಟ್ಟೆಗಳ ಮೇಲೇ ಇತ್ತು.

"ನೀವಾಗೇ ಹೇಳ್ತೀರೋ ಇಲ್ವೋ ನೋಡಣ ಅಂತ ಕರೆಸಿದ್ದು," ಎಂದರು. ಆಮೇಲೆ ಬಟ್ಟೆ ಕಟ್ಟಿದ್ದ ಮೊದಲ ಗಿಡದ ಮುಂದೆ ಬಗ್ಗಿದರು. "ಬನ್ನಿ ಈಗ. ಬುಡದಲ್ಲಿ ಹಿಡ್ಕಳಿ. ಇವತ್ತೇ ಕಿತ್ತು ಇವತ್ತೇ ಸುಡ್ಬೇಕು."

ನಾನು ಹಿಡಿದುಕೊಂಡೆ. ರೆಂಬೆಗಳ ಗಿಣ್ಣು ಗಿಣ್ಣಿನಲ್ಲೂ ಮೊಗ್ಗು ಕಟ್ಟಿತ್ತು. ಒಂದು ಮಳೆ ಬಿದ್ದಿದ್ದರೆ ಅರಳುತ್ತಿದ್ದವು. ಇಬ್ಬರೂ ಸೇರಿ ಎಳೆದೆವು. ಮೊದಲನೆಯದು ಬಂತು, ಎರಡನೆಯದಕ್ಕೆ ಹೋದೆವು.